ಕಲ್ಲಿನ ವಿಳಾಸ

ನಮ್ಮ ರಸ್ತೆಯ ಕೊನೆಯ ಮನೆಯವರು ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬಂಡೆ ಇದೆ. ಮೊಣಕಾಲೆತ್ತರಕ್ಕೆ ಎದ್ದು, ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಕಾಣುತ್ತದೆ. ಮನೆ ಕಟ್ಟಿಸುವಾಗ ಅದನ್ನು ಒಡೆಸಲು ನೋಡಿದರಂತೆ. ಕಲ್ಲು ಒಡೆಯುವವರು ಹೇಳಿದ ಲೆಕ್ಕ ಕೇಳಿ, ಇರಲಿ ಬಿಡಿ ಎಂದು ಸುಮ್ಮನಾದರಂತೆ. ಈಗ ಅದರ ಮೇಲೆ ಎರಡು ಹೂವಿನ ಕುಂಡಗಳಿವೆ, ಮಳೆ ನಿಂತ ದಿನ ಒದ್ದೆ ಚಪ್ಪಲಿಗಳಿರುತ್ತವೆ. ಮಹಾಲಕ್ಷ್ಮಿ ಲೇಔಟಿನಲ್ಲಿ ಇದೇನೂ ವಿಶೇಷವಲ್ಲ. ಇಲ್ಲಿನ ರಸ್ತೆಗಳ ಏರು ಇಳಿತವೆಲ್ಲ ಬಂಡೆಯದೇ. ಸೈಕಲ್ ತುಳಿದವರಿಗೆ ಗೊತ್ತು, ಕಾರಿನಲ್ಲಿ ಹೋಗುವವರಿಗೆ ಗೊತ್ತಾಗುವುದಿಲ್ಲ.

ಈ ವಾರ ನಾನು ಬರೆಯಹೊರಟಿರುವುದು ಒಂದು ಪುಸ್ತಕದ ಬಗ್ಗೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳದು, 1905ರಲ್ಲಿ ಅಚ್ಚಾದದ್ದು. ಅದನ್ನು ಸಾಹಿತ್ಯ ವಿಮರ್ಶೆಗೆ ಎಳೆದು ತರುವುದು ಅಷ್ಟೇನೂ ಸಹಜವಲ್ಲ. ಅದನ್ನು ಯಾರೂ ಮೊದಲ ಪುಟದಿಂದ ಕೊನೆಯವರೆಗೆ ಓದುವುದಿಲ್ಲ. ಬೇಕಾದ ಶಾಸನದ ಸಂಖ್ಯೆ ಹುಡುಕಿ, ಪಾಠ ಬರೆದುಕೊಂಡು, ಮುಚ್ಚಿ ಇಡುತ್ತಾರೆ. ಎಂ.ಎ. ಓದುವಾಗ ನಾನೂ ಹಾಗೆಯೇ ಮಾಡಿದೆ. ಅದನ್ನು ಮತ್ತೆ ತೆರೆಸಿದ್ದು ಮೇಲೆ ಹೇಳಿದ ಎಮ್ಮೆ ಬೆನ್ನಿನ ಬಂಡೆ.

ಮೊದಲು ಪುಸ್ತಕದ ಕಟ್ಟಡ ನೋಡೋಣ. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ ಹೊತ್ತು, 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದ್ದರು. ಇಷ್ಟು ಸಾಮಾನ್ಯವಾಗಿ ಪಠ್ಯಪುಸ್ತಕದಲ್ಲೇ ಇರುತ್ತದೆ. ಪಠ್ಯಪುಸ್ತಕ ಹೇಳದೇ ಇರುವುದು ಆ ಸಂಪುಟಗಳೊಳಗೆ ಎರಡು ಕ್ರಮಗಳಿವೆ, ಎರಡೂ ಒಂದರ ಜೊತೆಗೊಂದು ಜಗಳವಾಡುತ್ತವೆ ಎಂಬುದನ್ನು. ಪೀಠಿಕೆಯಲ್ಲಿ ಶಾಸನಗಳು ರಾಜವಂಶದ ಪ್ರಕಾರ ಸಾಲು ನಿಲ್ಲುತ್ತವೆ: ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಹೀಗೆ. ಒಳಗಿನ ಪುಟಗಳಲ್ಲಿ ಶಾಸನಗಳಿರುವುದು ತಾಲ್ಲೂಕಿನ ಪ್ರಕಾರ, ಊರಿನ ಪ್ರಕಾರ. ಅಲ್ಲಿ ಗಂಗರ ಕಾಲದ ಒಂದು ವೀರಗಲ್ಲಿನ ಪಕ್ಕದಲ್ಲಿ ವಿಜಯನಗರದ ಕಾಲದ ದಾನದ ಕಲ್ಲು ಬಂದು ನಿಲ್ಲುತ್ತದೆ, ಎರಡೂ ಒಂದೇ ಊರಿನವು ಎಂಬ ಒಂದೇ ಕಾರಣಕ್ಕೆ. ನಡುವೆ ಆರು ನೂರು ವರ್ಷಗಳ ಅಂತರವಿದ್ದರೂ ಅವು ನೆರೆಮನೆಯವು.

ನಮ್ಮ ಓದು ಪೀಠಿಕೆಯ ಕ್ರಮವನ್ನು ಹಿಡಿಯಿತು. ತರಗತಿಯಲ್ಲಿ ಶಾಸನ ಎಂದರೆ ಯಾವ ಅರಸ, ಯಾವ ಶಕ ವರ್ಷ, ಯಾವ ಛಂದಸ್ಸು. ಊರು ಕೇಳಿದರೆ ಒಂದು ಅಂಕ. ಕಲ್ಲು ಊರಿನ ಯಾವ ಕಡೆಗಿದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಿದ್ದು ನನಗೆ ನೆನಪಿಲ್ಲ.

ಆದರೆ ಅದು ಪುಸ್ತಕದಲ್ಲಿದೆ. ಕನ್ನಡ ಪಾಠದ ಭಾಗದಲ್ಲಿ, ಪ್ರತಿ ಶಾಸನದ ತಲೆಯ ಮೇಲೆ, ಒಂದು ಸಣ್ಣ ಸಾಲು. ಕಲ್ಲು ಇಂಥ ಊರಿನ ಇಂಥ ದೇವಸ್ಥಾನದ ಮುಂದೆ ನೆಟ್ಟಿದೆ, ಇಂಥವರ ಹೊಲದಲ್ಲಿ ಬಿದ್ದಿದೆ, ಕೆರೆಯ ಏರಿಯ ಮೇಲಿದೆ, ತೂಬಿನ ಬಳಿ ಇದೆ. ಹಲವೆಡೆ ಅದರ ಜೊತೆ ಕಲ್ಲಿನ ಉದ್ದ ಅಗಲದ ಅಳತೆ. ಮುಂದಿನ ಶಾಸನವೂ ಅಲ್ಲಿಯದೇ ಆದರೆ ಅದೇ ಗ್ರಾಮ ಎಂದು ಶುರು ಮಾಡಿ, ಹಿಂದಿನ ಸಾಲಿನ ಕೈ ಹಿಡಿದು ಮುಂದಕ್ಕೆ ಹೋಗುತ್ತದೆ. ನಾನು ಇದನ್ನು ವಿಳಾಸದ ಸಾಲು ಎಂದು ಕರೆಯುತ್ತೇನೆ. ಸಂಪುಟದ ಈ ಸಾಲುಗಳನ್ನಷ್ಟೇ ಒಂದರ ಹಿಂದೊಂದು ಓದಿಕೊಂಡು ಹೋದರೆ ಸಿಗುವುದು ಬೇರೆಯದೇ ಒಂದು ಕೃತಿ. ಅದರಲ್ಲಿ ಅರಸರಿಲ್ಲ. ಕೆರೆ, ಏರಿ, ತೂಬು, ತೋಪು, ಹಾಳು ಕೋಟೆ, ಬಸವಣ್ಣನ ಗುಡಿ, ಹೊಲದ ಬದು, ದಾರಿ ಬದಿಯ ಮರ ಇಷ್ಟೇ ಇರುವ ಒಂದು ಬೆಂಗಳೂರು ಜಿಲ್ಲೆ. ಯಾರೋ ಒಬ್ಬರು ಎತ್ತಿನ ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಅಷ್ಟೂ ಊರು ಸುತ್ತಿ, ಊರಿನವರನ್ನು ಕೇಳಿ, ಪಾಚಿ ಕೆರೆದು, ಪಡಿಯಚ್ಚು ತೆಗೆದು, ಹಗ್ಗ ಹಿಡಿದು ಅಳೆದು ಬರೆದ ಸಾಲುಗಳು. ಮುಖಪುಟದ ಮೇಲೆ ಹೆಸರು ರೈಸ್ ಅವರದು. ಈ ಸಾಲುಗಳ ಕನ್ನಡ, ನನ್ನ ಅಂದಾಜಿನಲ್ಲಿ, ಅವರ ಜೊತೆ ಅಲೆದ ಪಂಡಿತರದು, ಗುಮಾಸ್ತರದು. ಅಷ್ಟು ಒಣಗಿದ, ಅಷ್ಟು ನಿಖರವಾದ ಗದ್ಯ ಹೊಸಗನ್ನಡದಲ್ಲಿ ಆ ಕಾಲಕ್ಕೆ ಹೆಚ್ಚಿರಲಿಲ್ಲ. ನವೋದಯದ ಗದ್ಯದ ಚರಿತ್ರೆ ಬರೆಯುವವರು ಈ ಸಾಲುಗಳ ಕಡೆ ಯಾಕೆ ನೋಡಿಲ್ಲವೋ.

ಈ ಗದ್ಯಕ್ಕೆ ಒಂದು ದೌರ್ಬಲ್ಯವಿದೆ, ಅದನ್ನೂ ಹೇಳಬೇಕು. ಅದು ಸುತ್ತಲಿನ ನೆಲವನ್ನು ನಂಬುತ್ತದೆ. ಕಲ್ಲು ಹುಣಸೆ ಮರದ ಪೂರ್ವಕ್ಕಿದೆ ಎಂದು ಬರೆದವನಿಗೆ ಹುಣಸೆ ಮರ ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆಯಿತ್ತು. ಮರ ಹೋದರೂ ಕೆರೆ ಇರುತ್ತದೆ, ಕೆರೆ ಬತ್ತಿದರೂ ಏರಿ ಇರುತ್ತದೆ, ಏನಿಲ್ಲದಿದ್ದರೂ ಊರಿನ ಹೆಸರು ಇರುತ್ತದೆ. ನೂರು ವರ್ಷದೊಳಗೆ ಈ ನಾಲ್ಕೂ ಒಟ್ಟಿಗೆ ಕಾಣೆಯಾಗಬಹುದು ಎಂದು 1905ರಲ್ಲಿ ಯಾರಿಗಾದರೂ ಹೇಗೆ ಹೊಳೆಯಬೇಕು? ಬೆಂಗಳೂರಿನ ಪಶ್ಚಿಮದಲ್ಲಿ ಆಗಿರುವುದು ಅದೇ. ಕೇತಮಾರನಹಳ್ಳಿ ಈಗ ರಾಜಾಜಿನಗರದೊಳಗೆ ಕರಗಿದೆ. ಕುರುಬರಹಳ್ಳಿ ಬಸ್ ನಿಲ್ದಾಣದ ಹೆಸರಾಗಿ ಉಳಿದಿದೆ. ಸಾಣೆಗೊರವನಹಳ್ಳಿಯ ಕತೆ ಇನ್ನೂ ಸ್ವಾರಸ್ಯದ್ದು: ಹೆಸರಿನೊಳಗೆ ಇದ್ದವನು ಗೊರವ, ಊರೂರು ತಿರುಗುವ ಶಿವಭಕ್ತ. ಬೋರ್ಡುಗಳ ಮೇಲೆ ಅವನು ಕೆಲವು ಕಡೆ 'ಗುರುವ' ಆಗಿಬಿಟ್ಟಿದ್ದಾನೆ. ಒಂದೇ ರಸ್ತೆಯಲ್ಲಿ ಎರಡೂ ಬಗೆ ಕಾಣಬಹುದು. ಬಡ್ತಿ ಸಿಕ್ಕಿತು ಎಂದು ಗೊರವನಿಗೆ ಸಂತೋಷವಾಗಿರಲಿಕ್ಕಿಲ್ಲ.

ನನ್ನ ಎಂ.ಎ. ಪ್ರಬಂಧ ಒಂದು ವೀರಗಲ್ಲಿನ ಭಾಷೆಯ ಮೇಲಿತ್ತು. ಊರು ಹೇಳುವುದಿಲ್ಲ. ಕಲ್ಲು ಈಗ ಯಾರದೋ ಗೇಟಿನೊಳಗಿದೆ, ಅವರಿಗೆ ತೊಂದರೆ ಬೇಡ. ಹನ್ನೆರಡು ಸಾಲಿನ ಪಾಠದ ಮೇಲೆ ಅರವತ್ತು ಪುಟ ಬರೆದು, ವಿಭಕ್ತಿ ಪ್ರತ್ಯಯಗಳ ಬಗ್ಗೆ ಜಂಬ ಕೊಚ್ಚಿಕೊಂಡು, ಒಳ್ಳೆಯ ಅಂಕ ಪಡೆದೆ. ಕಲ್ಲನ್ನು ನೋಡಿರಲಿಲ್ಲ. ನೋಡಬೇಕು ಎಂದು ಅನ್ನಿಸಿಯೂ ಇರಲಿಲ್ಲ, ಪಾಠ ಪುಸ್ತಕದಲ್ಲಿ ಇತ್ತಲ್ಲ. ಹದಿನೈದು ವರ್ಷದ ಮೇಲೆ ಒಂದು ಭಾನುವಾರ ಆ ವಿಳಾಸದ ಸಾಲನ್ನು ಬರೆದುಕೊಂಡು ಹೊರಟೆ. ಕೆರೆ ಇರಲಿಲ್ಲ. ಗುಡಿ ಇತ್ತು, ಹೊಸದಾಗಿ ಟೈಲ್ಸ್ ಹಾಕಿಸಿಕೊಂಡು. ಪೂಜೆ ಮಾಡುತ್ತಿದ್ದ ಅಜ್ಜ ಯಾವ ಕಲ್ಲು ಎಂದರು. ಆಮೇಲೆ, ಓ ಆ ಬೊಂಬೆ ಕಲ್ಲಾ, ಬನ್ನಿ ಸಾರ್ ಎಂದು ಕರೆದುಕೊಂಡು ಹೋಗಿ ಒಂದು ಮನೆಯ ಕಾಂಪೌಂಡಿನ ಮೂಲೆ ತೋರಿಸಿದರು. ಕಲ್ಲಿನ ಮೇಲಿನ ಪಟ್ಟಿಯಷ್ಟೇ ಕಾಣುತ್ತಿತ್ತು. ವೀರನನ್ನು ಅಪ್ಸರೆಯರು ಕರೆದೊಯ್ಯುವ ಪಟ್ಟಿ. ಅವನು ಹೋರಾಡಿ ಸತ್ತದ್ದು, ಸತ್ತದ್ದು ಯಾಕೆ ಎಂದು ಬರೆದದ್ದು, ಎರಡೂ ಸಿಮೆಂಟಿನ ಕೆಳಗೆ. ಸ್ವರ್ಗ ಮಾತ್ರ ನೆಲದ ಮೇಲೆ ಉಳಿದಿತ್ತು.

ಸಂಪುಟ ಕೊಟ್ಟಿದ್ದ ಅಳತೆ ನನ್ನ ಜೇಬಿನಲ್ಲಿತ್ತು. ಗೇಣು ಹಾಕಿ ನೋಡಿದೆ. ಎರಡೂವರೆ ಅಡಿಗಿಂತ ಹೆಚ್ಚು ಕಲ್ಲು ನೆಲದೊಳಗೆ ಹೋಗಿತ್ತು. ಕಲ್ಲು ಕುಸಿದಿರಲಿಲ್ಲ, ನೆಲ ಎದ್ದಿತ್ತು. ರಸ್ತೆಗೆ ಒಂದೊಂದು ಸಲ ಡಾಂಬರು ಹಾಕಿದಾಗಲೂ, ಅಂಗಳಕ್ಕೆ ಒಂದೊಂದು ಸಲ ಕಾಂಕ್ರೀಟು ಬಿದ್ದಾಗಲೂ ಅರ್ಧ ಗೇಣು, ಒಂದು ಗೇಣು. ಅಂದರೆ ಯಾರೂ ಅದನ್ನು ಹಾಳು ಮಾಡಿರಲಿಲ್ಲ. ಯಾರೂ ವರ್ಷಕ್ಕೊಮ್ಮೆ ಹೋಗಿ ಅಳೆದಿರಲಿಲ್ಲ, ಅಷ್ಟೇ. ವಿಳಾಸದ ಸಾಲಿನ ಪಕ್ಕದ ಆ ಒಣ ಅಂಕಿಗಳು ಯಾಕಿವೆ ಎಂದು ಅರ್ಥವಾಗಿದ್ದು ಅವತ್ತು. ಒಂದು ಕಲ್ಲಿನ ಆರೋಗ್ಯ ತಿಳಿಯಲು ಮೊದಲ ದಿನದ ಅಳತೆ ಬೇಕು, ಆಮೇಲೆ ಮತ್ತೆ ಮತ್ತೆ ಅಲ್ಲಿಗೆ ಹೋಗುವ ಕಾಲು ಬೇಕು. ರೈಸ್ ಮೊದಲನೆಯದನ್ನು ಕೊಟ್ಟರು. ಎರಡನೆಯದನ್ನು ನಾವು ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳಲ್ಲಿ ಕಲಿಸಲೇ ಇಲ್ಲ.

ಇಲ್ಲಿ ಎಂ. ಚಿದಾನಂದಮೂರ್ತಿಯವರ ಹೆಸರು ತರದೆ ಮುಂದೆ ಹೋಗಲಾಗದು. ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಬಂದಾಗ ಶಾಸನದ ಓದು ಅರಸರ ವಂಶಾವಳಿಯಿಂದ ಬಿಡಿಸಿಕೊಂಡು ಜನರ ಬದುಕಿನ ಕಡೆ ತಿರುಗಿತು. ಬೇಸಾಯ, ಧರ್ಮ, ಆತ್ಮಬಲಿ, ಆಚಾರ, ಆಡುವ ಮಾತು ಎಲ್ಲವೂ ಕಲ್ಲಿನಿಂದ ಎದ್ದು ಬಂದವು. ಆ ಪುಸ್ತಕವಿಲ್ಲದಿದ್ದರೆ ನನ್ನಂಥವರು ಶಾಸನದ ಹತ್ತಿರವೇ ಹೋಗುತ್ತಿರಲಿಲ್ಲ. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ಅದು ರಾಜವಂಶದ ಕ್ರಮ ಮುರಿದು ವಿಷಯದ ಕ್ರಮ ಕಟ್ಟಿತು. ಊರಿನ ಕ್ರಮ ಅಲ್ಲಿಯೂ ಹಿಂದೆ ಉಳಿಯಿತು. ಬೇಸಾಯದ ಅಧ್ಯಾಯಕ್ಕೆ ಒಂದು ಕಲ್ಲು, ವೀರರ ಅಧ್ಯಾಯಕ್ಕೆ ಅದರ ಪಕ್ಕದ ಕಲ್ಲು. ಒಂದೇ ಏರಿಯ ಮೇಲೆ ಅಕ್ಕಪಕ್ಕ ನಿಂತಿದ್ದ ಅವು ಪುಸ್ತಕದಲ್ಲಿ ನೂರಾರು ಪುಟ ದೂರ ಹೋದವು. ಇದು ದೋಷವಲ್ಲ, ಸಂಶೋಧನೆಯ ಬೆಲೆ. ವಿಚಿತ್ರವೆಂದರೆ ಅದೇ ಚಿದಾನಂದಮೂರ್ತಿಯವರು ಹಂಪಿಯ ಸ್ಮಾರಕಗಳು ಹಾಳಾಗುತ್ತಿರುವುದನ್ನು ಕಂಡು, ಗ್ರಂಥಾಲಯ ಬಿಟ್ಟು ಎದ್ದು, ವರ್ಷಗಟ್ಟಲೆ ಹೋರಾಡಿದವರು. ಅವರ ಕಾಲು ಹೋದ ಕಡೆಗೆ ಅವರ ಶಿಷ್ಯರ ಪ್ರಬಂಧಗಳು ಹೋಗಲಿಲ್ಲ. ಹೋಗದವರಲ್ಲಿ ನಾನೂ ಒಬ್ಬ, ಶಿಷ್ಯರ ಶಿಷ್ಯ.

ಶಾಸನ ಬರೆಸಿದವರು ನಮಗಿಂತ ಹುಷಾರಾಗಿದ್ದರು. ಭೂದಾನದ ಶಾಸನಗಳನ್ನು ತೆಗೆದು ನೋಡಿ. ಎಷ್ಟೋ ಕಲ್ಲುಗಳಲ್ಲಿ ಉದ್ದವಾದ ಭಾಗ ದಾನಿಯ ಹೊಗಳಿಕೆಯದಲ್ಲ, ಎಲ್ಲೆಯದು. ಮೂಡಲಿಗೆ ಏನು, ತೆಂಕಲಿಗೆ ಏನು: ಹಳ್ಳ, ಹುತ್ತ, ಮೊರಡಿ, ನಟ್ಟ ಕಲ್ಲು, ಹುಣಸೆ, ಮತ್ತೊಂದು ಊರಿನ ಕೆರೆಯ ಕೋಡಿ. ಮೊರಡಿ ಎಂದರೆ ಕಲ್ಲುಗುಡ್ಡ, ದಿಬ್ಬ. ಈಗ ಆ ಪದ ನಿಘಂಟಿನಲ್ಲಿದೆ, ಅದರ ಅರ್ಥ ನಮ್ಮ ಲೇಔಟಿನ ಅಡಿಯಲ್ಲಿದೆ. ಎಲ್ಲೆ ಮುಗಿದ ಮೇಲೆ ಶಾಪ. ಈ ಧರ್ಮವನ್ನು ಅಳಿಸಿದವನಿಗೆ ಗಂಗೆಯ ತಡಿಯಲ್ಲಿ ಹಸುವನ್ನು ಕೊಂದ ಪಾಪ, ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವ ಗತಿ, ಇಂಥವು. ತರಗತಿಯಲ್ಲಿ ನಾವು ಇದಕ್ಕೆ ಶಾಪಾಶಯ ಎಂದು ಹೆಸರಿಟ್ಟು, ರೂಢಿಯ ಮಾತು ಎಂದು ದಾಟಿಬಿಡುತ್ತಿದ್ದೆವು. ಈಗ ಓದಿದರೆ ಅದು ಸಂರಕ್ಷಣೆಯ ಕಲಮು. ದಂಡ ಹಾಕುವ ಅಧಿಕಾರಿ ಮುಂದೊಂದು ದಿನ ಇರುವುದಿಲ್ಲ ಎಂದು ಗೊತ್ತಿದ್ದವರು ಬರೆದ ಕಲಮು. 1958ರ ಕೇಂದ್ರದ ಕಾಯ್ದೆ, 1961ರ ನಮ್ಮ ರಾಜ್ಯದ ಕಾಯ್ದೆ, ಎರಡೂ ಘೋಷಿತ ಸ್ಮಾರಕಗಳನ್ನು ಕಾಯುತ್ತವೆ. ಹೊಲದ ಬದುವಿನ ವೀರಗಲ್ಲನ್ನು ಸಾಮಾನ್ಯವಾಗಿ ಯಾರೂ ಘೋಷಿಸಿರುವುದಿಲ್ಲ. ಅದಕ್ಕೆ ಇವತ್ತಿಗೂ ಇರುವ ರಕ್ಷಣೆ ಆ ಶಾಪ ಒಂದೇ. ಅದನ್ನೂ ಹಳಗನ್ನಡದಲ್ಲಿ ಬರೆದಿದೆ, ಜೆಸಿಬಿಯವನಿಗೆ ಓದಲು ಬರುವುದಿಲ್ಲ.

ಹೆಬ್ಬಾಳದ ಕಿತ್ತಯ್ಯನಿಗೆ ಅದೃಷ್ಟ ಇತ್ತು. 2018ರಲ್ಲಿ ಅಲ್ಲಿ ನೆಲ ಅಗೆಯುವಾಗ ಅವನ ವೀರಗಲ್ಲು ಮೇಲೆ ಬಂತು. ಸುಮಾರು ಕ್ರಿ.ಶ. 750ರದು, ಗಂಗ ಶ್ರೀಪುರುಷನ ಕಾಲದ್ದು, ಬೆಂಗಳೂರಿನ ಪರಿಸರದಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅದರಲ್ಲಿ ಪೆರ್ಬೊಳಲ್ ನಾಡು ಎಂದಿದೆ. ಪೆರ್ಬೊಳಲ್, ಹೆಬ್ಬೊಳಲ್, ಹೆಬ್ಬಾಳ. ಫ್ಲೈಓವರ್ ಮತ್ತು ಟ್ರಾಫಿಕ್ಕಿಗೆ ಹೆಸರಾದ ಒಂದು ಜಾಗ ಸಾವಿರದ ಇನ್ನೂರೈವತ್ತು ವರ್ಷಕ್ಕೂ ಹಿಂದೆ ಒಂದು ನಾಡಿನ ಹೆಸರಾಗಿತ್ತು ಎಂದು ಆ ಕಲ್ಲು ಹೇಳುತ್ತದೆ. ಇದೇ ಕಲ್ಲು ಒಂದು ಲಾರಿಯಲ್ಲಿ ಹೋಗಿ ಬೇರೆ ಊರಿನ ರಸ್ತೆ ಬದಿಯಲ್ಲಿ ಸಿಕ್ಕಿದ್ದರೆ? ಅಕ್ಷರ ಅವೇ ಇರುತ್ತಿದ್ದವು. ಹೆಬ್ಬಾಳದ ನೆಲದಿಂದಲೇ ಎದ್ದು ಬಂದದ್ದರಿಂದ ಆ ಪದ ಊರಿನ ಪದವಾಯಿತು. ಊರಿನವರೂ ಆಸಕ್ತರೂ ಕೂಡಿ ಅದಕ್ಕೆ ಅಲ್ಲಿಯೇ ನೆರಳು ಮಾಡಿದ್ದು ಸರಿಯಾದ ವಿಮರ್ಶೆ ಎಂದೇ ನನ್ನ ಅಭಿಪ್ರಾಯ. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ಕಳಿಸಿದ್ದರೆ ಮಳೆ ಬಿಸಿಲಿನಿಂದ ಉಳಿಯುತ್ತಿತ್ತು, ನಿಜ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರ ಹೊತ್ತಿಗೇ ಬೆಂಗಳೂರು ಎಂಬ ಹೆಸರನ್ನು ಹೇಳುವ ಕಲ್ಲಿನ ಬಗ್ಗೆಯೂ ಈ ವಾದ ಬರುತ್ತಲೇ ಇರುತ್ತದೆ. ಒಡೆಯುವ ಭಯ ಇದ್ದರೆ ಸಾಗಿಸಿ ಎನ್ನುವವನೇ ನಾನೂ. ಆದರೆ ಸಾಗಿಸಿದ ಕಲ್ಲಿಗೆ ಪಾಠ ಉಳಿಯುತ್ತದೆ, ವಾಕ್ಯ ಅರ್ಧವಾಗುತ್ತದೆ. ಉಳಿದರ್ಧ ನೆಲದಲ್ಲಿತ್ತು.

ಅಂದಹಾಗೆ, ಬೇಗೂರಿನ ಆ ಕಲ್ಲನ್ನು ದಾಖಲಿಸಿದವರು ಆರ್. ನರಸಿಂಹಾಚಾರ್, ರೈಸ್ ಅವರ ನಂತರ ಇಲಾಖೆಯನ್ನು ನಡೆಸಿದವರು, 'ಕರ್ಣಾಟಕ ಕವಿಚರಿತೆ' ಬರೆದವರು. ಹಗಲು ಕಲ್ಲು, ರಾತ್ರಿ ಕವಿ. ನಮ್ಮ ಸಾಹಿತ್ಯ ಚರಿತ್ರೆಯ ಬುನಾದಿ ಹಾಕಿದ ಮನುಷ್ಯ ವರ್ಷವಿಡೀ ಊರೂರು ಸುತ್ತುವ ಸರ್ಕಾರಿ ನೌಕರನಾಗಿದ್ದ ಎಂಬುದನ್ನು ಸಾಹಿತ್ಯ ವಿದ್ಯಾರ್ಥಿಗಳಿಗೆ ಹೇಳುವವರು ಕಡಿಮೆ.

ಈಗ ವಿಳಾಸದ ಸಾಲಿಗೆ ಹೊಸ ರೂಪ ಬಂದಿದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ, ನೃಪತುಂಗ ರಸ್ತೆಯದು, 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಅವರ ತಂಡ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಹಳೆಯ ಸಂಪುಟವನ್ನೇ. ರೈಸ್ ಬರೆಸಿದ ಸಾಲು ಓದಿ, ಇಲ್ಲದ ಕೆರೆಯನ್ನು ಹುಡುಕಿ, ಸಿಕ್ಕ ಕಲ್ಲಿನ ಮೇಲೆ ಬೆಳಕು ಹಾಯಿಸಿ ಅದರ ಒಂದೊಂದು ಗೀರನ್ನೂ ಅಳೆಯುತ್ತಾರೆ. ಕಣ್ಣಿಗೆ ಸವೆದು ಹೋಗಿದೆ ಎನಿಸುವ ಅಕ್ಷರ ಪರದೆಯ ಮೇಲೆ ಎದ್ದು ಬರುತ್ತದೆ. ಹಿಂದೆ ತಪ್ಪಾಗಿ ಓದಿದ್ದನ್ನು ಕೂತಲ್ಲೇ ತಿದ್ದಬಹುದು. ಜೊತೆಗೆ ಅಕ್ಷಾಂಶ ರೇಖಾಂಶ. ಹುಣಸೆ ಮರದ ಹಂಗಿಲ್ಲದ ವಿಳಾಸ. ಮರ ಬಿದ್ದರೂ, ಊರಿನ ಹೆಸರು ಬದಲಾದರೂ ಆ ಅಂಕಿ ಬದಲಾಗುವುದಿಲ್ಲ.

ಈ ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಆದರೂ ಓದುಗನಾಗಿ ಒಂದು ಅಳುಕಿದೆ. ಅಂಕಿ ಕಲ್ಲನ್ನು ಹುಡುಕಿಕೊಡುತ್ತದೆ, ಕಲ್ಲಿನ ಪಕ್ಕದಲ್ಲಿ ಏನಿತ್ತು ಎಂದು ಹೇಳುವುದಿಲ್ಲ. ಸ್ಕ್ಯಾನ್ ಕಲ್ಲಿನ ಅಂಚಿಗೆ ನಿಲ್ಲುತ್ತದೆ. ರೈಸ್ ಸಂಪುಟದ ಸಾಲು, ತನ್ನ ಎಲ್ಲ ಮುಗ್ಧತೆಯಲ್ಲಿ, ಕಲ್ಲಿನ ಅಂಚು ದಾಟಿ ಏರಿಗೂ ತೂಬಿಗೂ ಕೈ ಚಾಚಿತ್ತು. ಕೆರೆಯ ದಾನದ ಕಲ್ಲು ಈಗ ಅಪಾರ್ಟ್‌ಮೆಂಟಿನ ಉದ್ಯಾನದಲ್ಲಿ ಚೆನ್ನಾಗಿ ತೊಳೆದು ನಿಲ್ಲಿಸಿದ ಸ್ಥಿತಿಯಲ್ಲಿ ಸಿಕ್ಕಿದರೆ ಸ್ಕ್ಯಾನಿನ ದೃಷ್ಟಿಯಿಂದ ಅದು ಉಳಿದ ಕಲ್ಲು. ವಿಳಾಸದ ಸಾಲಿನ ದೃಷ್ಟಿಯಿಂದ? ಕೆರೆ ಸತ್ತ ಮೇಲೆ ಉಳಿದ ಮರಣಪತ್ರ. ಎರಡು ದೃಷ್ಟಿಯೂ ದಾಖಲೆಯಲ್ಲಿ ಇರಬೇಕು. ಸ್ಕ್ಯಾನ್ ಮಾಡಿದ ದಿನ ಸುತ್ತ ಏನಿತ್ತು ಎಂದು ಎರಡು ಸಾಲು ಕನ್ನಡದಲ್ಲಿ ಬರೆದಿಟ್ಟರೆ ಸಾಕು, ಯಂತ್ರ ಬೇಡ.

ಇಲ್ಲಿಯವರೆಗೆ ಹೇಳಿದ್ದು ಅಕ್ಷರವಿರುವ ಕಲ್ಲಿನ ಮಾತು. ಅಕ್ಷರವಿಲ್ಲದ ಬಂಡೆಗೆ ಯಾವ ಪುಸ್ತಕ? ನಮ್ಮ ರಸ್ತೆಯ ಎಮ್ಮೆ ಬೆನ್ನು ನನ್ನನ್ನು ಕೇಳಿದ್ದು ಅದನ್ನೇ. ಅದನ್ನು ದಾಖಲಿಸಿದ ಮೊದಲ ಕನ್ನಡ ಪುಸ್ತಕ ಕಂದಾಯ ಇಲಾಖೆಯದು. ಪಹಣಿ ನೋಡಿದವರಿಗೆ ಗೊತ್ತು, ಒಟ್ಟು ವಿಸ್ತೀರ್ಣದ ಪಕ್ಕದಲ್ಲೇ ಫೂಟ್ ಖರಾಬು ಎಂಬ ಕಾಲಂ ಇರುತ್ತದೆ, ಅದರಲ್ಲೂ 'ಅ' ಮತ್ತು 'ಬ' ಎಂದು ಎರಡು. ಸಾಗುವಳಿಗೆ ಬಾರದ ನೆಲ ಒಂದರಲ್ಲಿ; ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕರ ನೆಲ ಇನ್ನೊಂದರಲ್ಲಿ. ರಾಗಿ ಬೆಳೆಯದ ಬಂಡೆಗೆ ಸಿಕ್ಕ ಬಿರುದು ಖರಾಬು, ಅಂದರೆ ಕೆಟ್ಟದ್ದು. ಒಂದು ಪದ ಒಂದು ಭೂದೃಶ್ಯವನ್ನು ಹೇಗೆ ಓದಿತು ನೋಡಿ. ಕೆಟ್ಟದ್ದು ಎಂದು ಒಮ್ಮೆ ಬರೆದ ಮೇಲೆ ಒಡೆದರೆ ಯಾರು ಕೇಳುತ್ತಾರೆ? ಚಪ್ಪಡಿ, ಕಂಬ, ಜಲ್ಲಿ ಆಗಿ ಹೊರಟರೆ ಅದು ಸುಧಾರಣೆಯೇ.

ನಮ್ಮ ಕಡೆಯ ಬಂಡೆಗಳಲ್ಲಿ ಉಳಿದವು ದೇವರಿಂದ ಉಳಿದವು. ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯ ಇರುವುದು ಇಂಥ ಒಂದು ಗುಡ್ಡದ ಮೇಲೆ. ಸುಮಾರು 22 ಅಡಿ ಎತ್ತರದ ಮೂರ್ತಿಯನ್ನು 1970ರ ದಶಕದಲ್ಲಿ ಅಲ್ಲಿನ ಬಂಡೆಯಲ್ಲೇ ಕಡೆದದ್ದು. ಮೊದಲು ಬಡಾವಣೆಯ ಹುಡುಗರು ಬಂಡೆಯ ಮೇಲೆ ಆಂಜನೇಯನ ಆಕಾರವನ್ನು ಬಣ್ಣದಲ್ಲಿ ಬರೆದು ಪೂಜೆ ಶುರು ಮಾಡಿದರು ಎಂದು ಹಳಬರು ಹೇಳುತ್ತಾರೆ. ಕಾರ್ಡ್ ರಸ್ತೆಯ ಆ ಬದಿಯ ಇಸ್ಕಾನ್ ದೇವಾಲಯ 1997ರಲ್ಲಿ ಉದ್ಘಾಟನೆಯಾಯಿತು. ಅವರೇ ಹೇಳಿಕೊಳ್ಳುವ ಕತೆಯಲ್ಲಿ, ಪ್ರಾಧಿಕಾರದಿಂದ ಸಿಕ್ಕಿದ ಏಳು ಎಕರೆ ಒಂದು ದೊಡ್ಡ ಬಂಡೆ ಗುಡ್ಡ, ಕಾಗದದಲ್ಲಿ ಅದಕ್ಕೆ ಇದ್ದ ಹೆಸರು ಖರಾಬು. ಖರಾಬಿನಿಂದ ಹರೇ ಕೃಷ್ಣ ಗಿರಿಗೆ ಒಂದು ಹೆಜ್ಜೆ. ಭಕ್ತಿ ಬಂಡೆಗೆ ಹೊಸ ಹೆಸರು ಕೊಟ್ಟು ಕಾಪಾಡಿತು ಎನ್ನಬಹುದು, ಹೆಸರು ಕೊಟ್ಟು ಮುಚ್ಚಿತು ಎಂದೂ ಎನ್ನಬಹುದು. ಶನಿವಾರ ಆಂಜನೇಯನಿಗೆ ಸುತ್ತು ಬರುವಾಗ ನಾನು ಬಣ್ಣ, ಬೆಳ್ಳಿ, ಗ್ರಾನೈಟ್ ಹಾಸು ಇಲ್ಲದ ಕಡೆ ಬರಿ ಬಂಡೆ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಾ ಹೋಗುತ್ತೇನೆ. ಜೊತೆಗೆ ಬಂದ ಅಮ್ಮ, ದೇವರು ಆ ಕಡೆ ಇರೋದು ಕಣೋ ಎನ್ನುತ್ತಾರೆ.

ಆ ಬರಿ ಬಂಡೆಯನ್ನು ಓದಲು ಭೂವಿಜ್ಞಾನಿಗಳಿಗೆ ಒಂದು ಹೆಸರಿದೆ: ಪೆನಿನ್ಸುಲರ್ ನೈಸ್. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಕೊಟ್ಟ ಹೆಸರು. ನೆಲದಾಳದ ಒತ್ತಡದಲ್ಲಿ, ಬಿಸಿಯಲ್ಲಿ ಬೆಂದು, ಕನಕಿದ ಹಿಟ್ಟಿನ ಹಾಗೆ ಮಡಚಿಕೊಂಡು, ಬಿಳಿ ಬೂದು ಕಪ್ಪು ಪಟ್ಟೆ ಪಟ್ಟೆಯಾದ ಕಲ್ಲು. ವಯಸ್ಸು 250 ಕೋಟಿಯಿಂದ 340 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆ ಅದೇ ಕುಲದ್ದು. ಅದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿ, ಬುಡದಲ್ಲಿ ಫಲಕ ಹಾಕಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಬರುವವರು ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಫಲಕವನ್ನು ಓದಿ ಮುಗಿಸುವವರು ಅಪರೂಪ. ಫಲಕದ ಭಾಷೆಯಲ್ಲೂ ತೊಂದರೆಯಿದೆ, ಅದು ಕಲ್ಲಿನ ವಯಸ್ಸು ಹೇಳುತ್ತದೆ, ಕಲ್ಲನ್ನು ನೋಡುವುದು ಹೇಗೆ ಎಂದು ಹೇಳುವುದಿಲ್ಲ. ಪಟ್ಟೆಯ ಮೇಲೆ ಬೆರಳು ಇಟ್ಟು ಇಲ್ಲಿ ಮಡಚಿದೆ ನೋಡು ಎಂದು ತೋರಿಸುವ ಒಂದು ವಾಕ್ಯ ಇದ್ದಿದ್ದರೆ ಎಷ್ಟೋ ಮಕ್ಕಳು ನಿಂತು ನೋಡುತ್ತಿದ್ದರು. 2025ರಲ್ಲಿ ಸುರಂಗ ರಸ್ತೆಯ ಗಲಾಟೆ ಎದ್ದಾಗ ಈ ಬಂಡೆಯ ಹೆಸರು ಪತ್ರಿಕೆಗಳಲ್ಲಿ ದಿನವೂ ಬಂತು. ಅಷ್ಟು ದಿನ ಅದು ಅಲ್ಲಿದ್ದದ್ದು ಕೆಲವರಿಗೆ ಆಗಲೇ ತಿಳಿದದ್ದು. ಇಂಥ ತಾಣಗಳನ್ನು ಕಾಯುವ ಒಂದು ಕರಡು ಮಸೂದೆಯನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಮುಂದಿಟ್ಟಿತ್ತು.

ಕನ್ನಡದಲ್ಲಿ ನೈಸ್ ಅನ್ನು ಏನೆಂದು ಕರೆಯಬೇಕು? ಪಠ್ಯಪುಸ್ತಕದ ಪರ್ಯಾಯ ಪದ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಕಟ್ಟಡದವರಿಗೆ ಅದು ಸಾದಹಳ್ಳಿ ಕಲ್ಲು, ದೇವನಹಳ್ಳಿ ದಾರಿಯ ಊರಿನ ಹೆಸರು. ವೈಜ್ಞಾನಿಕವಾಗಿ ಒರಟು, ಆದರೆ ಅದರಲ್ಲಿ ವಿಳಾಸ ಇದೆ. ಕಲ್ಲನ್ನು ಅದರ ಊರಿನಿಂದ ಕರೆಯುವುದು ಪುಸ್ತಕದ ಸಾಲಿಗೆ ಹತ್ತಿರದ ಅಭ್ಯಾಸ. ಈ ಕಲ್ಲನ್ನು ನಿಜವಾಗಿ ಓದಿದವರೂ ಅವರೇ, ಕಲ್ಲುಕುಟಿಗರು, ಹೆಚ್ಚಿನವರು ಭೋವಿ ಸಮುದಾಯದವರು. ಬಂಡೆಯ ಮೇಲೆ ಸೌದೆ ಉರಿ ಹಾಕಿ, ಉರಿಯನ್ನು ಸಣ್ಣಗೆ ಮುಂದೆ ಮುಂದೆ ಸರಿಸುತ್ತಾ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾ, ಅಂಗೈ ಅಗಲದ ದಪ್ಪಕ್ಕೆ ಮೇಲಿನ ಪದರವನ್ನು ಇಡಿಯಾಗಿ ಎಬ್ಬಿಸುತ್ತಿದ್ದರು. ಆ ಬೆಂಗಳೂರಿನ ವಿದ್ಯೆಯನ್ನು ಎಚ್. ವಾರ್ತ್ ಎಂಬವರು 1895ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬೆರಗಿನಿಂದ ವಿವರಿಸಿದ್ದಾರೆ. ತಟ್ಟಿದ ಸದ್ದು ಟೊಳ್ಳಾದರೆ ಪದರ ಬಿಟ್ಟಿದೆ, ಗಟ್ಟಿಯಾದರೆ ಇನ್ನೂ ಬೆಂಕಿ ಬೇಕು. ರೈಸ್ ಸಂಪುಟದಲ್ಲಿ ಇರುವ ಎಷ್ಟೋ ಚಪ್ಪಡಿಗಳನ್ನು ನೆಲದಿಂದ ಬಿಡಿಸಿದ ಕೈ ಅವರ ಪೂರ್ವಜರದೇ ಇರಬೇಕು. ಕೆಲವು ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರು ಇರುತ್ತದೆ, ಕೆತ್ತಿದ ಓಜನ ಹೆಸರೂ ಇರುತ್ತದೆ. ಬಂಡೆ ಎಬ್ಬಿಸಿದವನ ಹೆಸರು ನಾನು ನೋಡಿದ ಕಲ್ಲುಗಳಲ್ಲಿ ಎಲ್ಲಿಯೂ ಇಲ್ಲ.

ಕೊನೆಯ ಮನೆಯವರು ಈ ಬೇಸಿಗೆಗೆ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸುತ್ತಾರಂತೆ. ಈ ಸಲ ಬಂಡೆಗೆ ಬೇಕಾದ ಯಂತ್ರ ಬರುತ್ತದೆ, ಲೆಕ್ಕವೂ ಹಿಂದಿನಷ್ಟು ಹೆದರಿಸುವುದಿಲ್ಲ. ಒಡೆಯಬೇಡಿ ಎಂದು ಹೇಳಲು ನನಗೆ ಯಾವ ಹಕ್ಕೂ ಇಲ್ಲ. ನಾನು ಕೂತು ಬರೆಯುತ್ತಿರುವ ಮನೆಯ ಪಾಯವೂ ಇಂಥದ್ದನ್ನೇ ಒಡೆದು ಹಾಕಿದ್ದು. ಹೋದ ಭಾನುವಾರ ಟೇಪು ಹಿಡಿದು ಹೋದೆ. ಮನೆಯ ಯಜಮಾನರು ನಗುತ್ತಲೇ ಇನ್ನೊಂದು ತುದಿ ಹಿಡಿದರು, ಅವರ ಮೊಮ್ಮಗಳು ಕುಂಡಗಳನ್ನು ಸರಿಸಿದಳು. ಬರೆದುಕೊಂಡದ್ದು ಇಷ್ಟು: ಮಹಾಲಕ್ಷ್ಮಿ ಲೇಔಟ್, ಆಂಜನೇಯನ ಗುಡ್ಡದಿಂದ ನಡೆದರೆ ಹತ್ತು ನಿಮಿಷ, ಇಳಿಜಾರಿನ ರಸ್ತೆಯ ಕೊನೆಯ ಮನೆಯ ಅಂಗಳದಲ್ಲಿ ಹುಟ್ಟು ಬಂಡೆ. ಉದ್ದ 9 ಅಡಿ 4 ಅಂಗುಲ, ಅಗಲ 5 ಅಡಿ, ಕಾಣುವ ಎತ್ತರ 1 ಅಡಿ 8 ಅಂಗುಲ. ಬೂದು ಬಣ್ಣ, ತೆಂಕಲಿಗೆ ಬಾಗಿದ ಮೂರು ಬಿಳಿ ಪಟ್ಟೆ. ಅಕ್ಷರವಿಲ್ಲ. ಪಕ್ಕದಲ್ಲಿ ಒಂದು ನುಗ್ಗೆ ಮರ, ಕಾಯಿ ಬಿಟ್ಟಿದೆ.